ಲೇಬಲ್ ಬಿಟ್ಟ ದಿನ

ತಿಂಗಳ ಎರಡನೇ ಮಂಗಳವಾರ ನನಗೆ ಕೂಡ್ಲಿ ಡ್ಯೂಟಿ.
ಐಸ್ ಡಬ್ಬಿ, ಹಗ್ಗ, ಮೂರು ಗಾಜಿನ ಬಾಟಲಿ, ಮಾರ್ಕರ್ ಪೆನ್ನು.
ಒಂದರ ಮೇಲೆ ತುಂಗಾ, ಒಂದರ ಮೇಲೆ ಭದ್ರಾ,
ಮೂರನೆಯದಕ್ಕೆ: ಸಂಗಮದ ಕೆಳಗೆ, ನೂರು ಮೀಟರ್.
ಹನ್ನೊಂದು ವರ್ಷದಿಂದ ಬರೆಯುತ್ತಿದ್ದೇನೆ,
ಅಕ್ಷರ ಮಾತ್ರ ಇನ್ನೂ ದುಂಡಗಾಗಿಲ್ಲ.

ತೆಪ್ಪದ ಹಾಲೇಶಪ್ಪ ಹುಟ್ಟು ಎತ್ತಿ ಪ್ರತಿ ಸಲ ಕೇಳುತ್ತಾನೆ,
"ಮೇಡಮ್ಮೋರೆ, ತುಂಗೆ ಎಲ್ಲಿಗೆ ಮುಗೀತಾಳೆ ಅಂತ ಹಿಡೀಲಿ?"
ಪುಷ್ಯದಲ್ಲಿ ನೀರಿನ ಮೇಲೊಂದು ಗೆರೆ ಕಾಣುತ್ತದೆ,
ಈಚೆ ತಿಳಿ, ಆಚೆ ತುಸು ಚಹಾ ಬಣ್ಣ.
ಗೆರೆಯ ಮೇಲೇ ನಿಲ್ಲಿಸು ಎಂದರೆ
ಗೆರೆ ಎರಡು ಮಾರು ಮುಂದೆ ಹೋಗಿರುತ್ತದೆ.
ಅಲ್ಲಿಗೂ ಹೋದರೆ, ಬರೀ ನೀರು.

ದಡದ ಮೇಲೆ ಮಠಗಳಿವೆ.
ಒಂದರಲ್ಲಿ ಎರಡು ಅನ್ನುತ್ತಾರೆ, ಎರಡನೆಯದರಲ್ಲಿ ಒಂದು.
ಎರಡೂ ಕಡೆ ನಲ್ಲಿ ನೀರು ಹಿಡಿದಿದ್ದೇನೆ,
ಎರಡೂ ಕಡೆ ಊಟ ಮಾಡಿಕೊಂಡು ಹೋಗಿ ಎಂದರು.
ವಾದ ನನಗೆ ತಿಳಿಯದು. ಹಸಿವು ತಿಳಿದಿತ್ತು.

ಹೋದ ತಿಂಗಳು ಹೊಳೆಹೊನ್ನೂರು ರಸ್ತೆಯಲ್ಲಿ ಜೀಪು ಕೆಟ್ಟಿತು.
ಮೆಹಬೂಬ್ ಬಾನೆಟ್ಟಿನೊಳಗೆ ತಲೆ ಇಟ್ಟು ಎರಡು ತಾಸು.
ಐಸು ಕರಗಿತು.
ಲ್ಯಾಬಿಗೆ ಬಂದು ಮುಚ್ಚಳ ತೆಗೆದರೆ
ಮೂರೂ ಲೇಬಲ್ ಬಿಟ್ಟು ತಳದ ನೀರಿನಲ್ಲಿ
ಒಂದಕ್ಕೊಂದು ಅಂಟಿಕೊಂಡು ತೇಲುತ್ತಿದ್ದವು.
ಬಾಟಲಿಗಳು ಬೆತ್ತಲೆ.

ಬೆಳಕಿಗೆ ಹಿಡಿದೆ. ಅಲ್ಲಾಡಿಸಿದೆ. ಮೂಸಿದೆ.
ಗಂಗಾಸ್ನಾನ ತುಂಗಾಪಾನ ಎನ್ನುತ್ತಿದ್ದಳು ಅಜ್ಜಿ.
ಇದರಲ್ಲಿ ಕುಡಿಯುವುದು ಯಾವುದಜ್ಜಿ?
ಗಾಜಿನಾಚೆಯ ಕಿಟಕಿ
ಎಡಬಲ ಅದಲುಬದಲಾಗಿ ನಿಂತಿತ್ತು.

ಆಗ, ಹೇಗೆ ಹೇಳಲಿ, ಏನೂ ಆಗಲಿಲ್ಲ.
ಟ್ಯೂಬ್‌ಲೈಟು ಗುಂಯ್ ಎನ್ನುತ್ತಿತ್ತು.
ಗುಂಯ್ ಎನ್ನುವುದಿತ್ತು. ಕೇಳುವವಳನ್ನು ಹುಡುಕಿದರೆ
ಅಲ್ಲೂ ಲೇಬಲ್ ಬಿಟ್ಟಿತ್ತು.
ಬಾಟಲಿ ತಣ್ಣಗೆ, ಬೆರಳು ತಣ್ಣಗೆ,
ತಂಪು ಯಾರ ಕಡೆಯದು ಎಂದು ಬರೆದಿಡಲು
ಪೆನ್ನು ಕೈಯಲ್ಲೇ ಇತ್ತು,
ಬರೆಯುವ ಅವಸರ ಇರಲಿಲ್ಲ.
ಹೊರಗೆ ಸಿಟಿ ಬಸ್ಸಿನ ಹುಡುಗ ಗೋಪಾಳ, ಗೋಪಾಳ ಎಂದು ಕೂಗಿದ.
ದೇವರಲ್ಲ, ಬಡಾವಣೆ.
ಆದರೂ ಆ ಕೂಗು ಬೀದಿಯಲ್ಲಿ ಆಯಿತೆಂದು
ಆಣೆಯಿಟ್ಟು ಹೇಳಲಾರೆ, ಒಳಗೆಂದೂ ಹೇಳಲಾರೆ.

ಎಷ್ಟು ಹೊತ್ತು?
ಬ್ಯೂರೆಟ್ಟಿನಿಂದ ನಾಲ್ಕು ಹನಿ ಇಳಿಯುವಷ್ಟು.

ತಿಪ್ಪೇಸ್ವಾಮಿ ಸಾಹೇಬರು ಬಂದರು.
"ಯಾವುದು ಯಾವುದ್ರೀ?"
"ಗೊತ್ತಿಲ್ಲ ಸಾರ್."
ಹನ್ನೊಂದು ವರ್ಷದಲ್ಲಿ ಅಷ್ಟು ಸರಿಯಾದ ಉತ್ತರ
ಆ ಕೋಣೆಯಲ್ಲಿ ನಾನು ಕೊಟ್ಟಿರಲಿಲ್ಲ.
ಮೆಮೊ ಬಂತು.
ಮೂರನ್ನೂ ಸಿಂಕಿಗೆ ಸುರಿದೆ, ಸಿಂಕು ಹೆಸರು ಕೇಳಲಿಲ್ಲ.

ರಾತ್ರಿ ಚಪಾತಿ ಲಟ್ಟಿಸುತ್ತ ತಂಗಿಗೆ ಹೇಳಿದೆ.
"ಬಿಪಿ ನೋಡಿಸ್ಕೋ" ಎಂದಳು.
ನೋಡಿಸಿಕೊಂಡೆ. ಸರಿಯಾಗೇ ಇದೆ.

ಎಲ್ಲ ಒಂದೇ ಎಂದು ಹೇಳಿ
ಈ ಕೆಲಸದಿಂದ ತಪ್ಪಿಸಿಕೊಳ್ಳಲು ಬರುವುದಿಲ್ಲ.
ಒಂದು ಬಾಟಲಿಯಲ್ಲಿ ಹುಳ ಇದ್ದರೆ ಇದೆ, ಇನ್ನೊಂದರಲ್ಲಿ ಇಲ್ಲ.
ಭೇದವಿಲ್ಲ ಎಂದವರ ಮಗುವಿಗೂ
ಕೆಟ್ಟ ನೀರು ಕುಡಿದರೆ ಭೇದಿಯೇ.
ಹಾಗಾಗಿ ಎಣಿಸುತ್ತೇನೆ, ಬೇರೆ ಬೇರೆ ಬರೆಯುತ್ತೇನೆ.
ಎಣಿಸುತ್ತ ಎಣಿಸುತ್ತ ಒಮ್ಮೊಮ್ಮೆ
ಎಣಿಸುವವಳೂ ಆ ಎಣಿಕೆಯೊಳಗೇ ಕರಗಿರುತ್ತಾಳೆ,
ಲೆಕ್ಕ ಮಾತ್ರ ತಪ್ಪಿರುವುದಿಲ್ಲ.

ಮರುದಿನ ಮತ್ತೆ ತೆಪ್ಪ. ಸ್ವಂತ ದುಡ್ಡಿನ ಟೇಪು.
"ಎಲ್ಲಿಗೆ ಮುಗೀತಾಳೆ ಅಂತ ಹಿಡೀಲಿ?"
"ಇಲ್ಲೇ ಹಿಡಿ ಮಾರಾಯ" ಎಂದೆ.
"ಇಲ್ಲೇನೂ ಇಲ್ವಲ್ಲ!"
"ಅದಕ್ಕೇ."

ತುಂಗಾ ಎಂದು ಬರೆದೆ, ಟೇಪು ಸುತ್ತಿದೆ. ಭದ್ರಾ, ಟೇಪು ಸುತ್ತಿದೆ.
ಮೂರನೆಯದಕ್ಕೆ ಪೆನ್ನು ಊರುವಾಗ
ಹಾಲೇಶಪ್ಪ ತೆಪ್ಪ ತಿರುಗಿಸಿದ,
ಅಕ್ಷರ ಸೊಟ್ಟಗೆ ಹರಿದು ಬಾಟಲಿಯ ಅಂಚಿಗೆ ಹೋಯಿತು.
ಹಾಗೇ ಬಿಟ್ಟೆ.